ಬಣ್ಣದ ಬೆರಳು

ರಾಯಚೂರಿನ ಆಸ್ಪತ್ರೆಯಿಂದ ಮಲ್ಲಣ್ಣನನ್ನು ಗಡಿಯಾಚೆ ತೆಲುಗು ಸೀಮೆಯ ನಾರಾಯಣಪೇಟೆಯ ಮನೆಗೆ ಕರೆತಂದ ದಿನ, ಅವನನ್ನು ಕಾರಿನಿಂದ ಇಳಿಸುವ ಮೊದಲೇ ಜಗಳ ಶುರುವಾಯಿತು. ಜಗಳ ಒಂದು ಪಟ್ಟಿಯ ಮೇಲೆ. ಹೊಟ್ಟೆಗೆ ಸುತ್ತಿಕೊಳ್ಳಲು ಆಸ್ಪತ್ರೆಯವರು ಕೊಟ್ಟಿದ್ದ ಅಗಲವಾದ ಎಲಾಸ್ಟಿಕ್ ಪಟ್ಟಿ ಅದು. ಮಲ್ಲಣ್ಣನ ಹೆಂಡತಿ ಚನ್ನವೀರಮ್ಮ ಕಾರಿನೊಳಗೆ ಬಗ್ಗಿ ಅದರ ಸಂದಿಗೆ ಎರಡು ಬೆರಳು ತೂರಿಸಿ ನೋಡಿದಳು. ಬೆರಳು ಸಲೀಸಾಗಿ ಹೋದವು.

"ಇದೇನು ಕಟ್ಟೋದಾ? ಕೂಸಿನ ಲಂಗೋಟಿನೂ ಇದಕ್ಕಿಂತ ಬಿಗಿ ಇರ್ತೈತಿ."

"ಅತ್ತೀ, ಅದು ಅಷ್ಟೇ ಸಡಿಲ ಇರಬೇಕಂತ್ರಿ. ಉಸುರಾಡಾಕ ಜಾಗ ಬೇಕಂತ ಡಾಕ್ಟರು ಹೇಳ್ಯಾರ," ಎಂದಳು ಸೊಸೆ ಗಂಗಾಂಬಿಕಾ.

"ಉಸುರಾಡೋದು ಮೂಗಿಲೆ. ಹೊಟ್ಟಿಲೆ ಅಲ್ಲ."

ಇದಕ್ಕೆ ಉತ್ತರ ಗಂಗಾಂಬಿಕಾಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಓಣಿಯ ಜನ ಆಗಲೇ ಸುತ್ತುಗಟ್ಟಿದ್ದರು. ಅವಳು ಮಾವನ ತೋಳಿಗೆ ಹೆಗಲು ಕೊಟ್ಟು ಒಳಗೆ ನಡೆಸಿಕೊಂಡು ಹೋದಳು.

ಉಟ್ಕೂರಿನಿಂದ ಈ ಮನೆಗೆ ಬಂದು ಅವಳಿಗೆ ಆರು ವರ್ಷ. ಮನೆಯದು ನೂಲಿಗೆ ಬಣ್ಣ ಹಾಕುವ ಕಸುಬು. ಗದ್ವಾಲದ ನೇಕಾರರು ಕೊಟ್ಟ ನೂಲಿನ ಲಡಿಗಳನ್ನು ಕುದಿಯುವ ಹಂಡೆಯಲ್ಲಿ ಅದ್ದಿ, ಕೋಲಿನ ಮೇಲೆ ತಿರುವಿ, ಹಿಂಡಿ, ಒಣಗಿಸಿ ಕೊಡುವುದು ಮಲ್ಲಣ್ಣನ ಕೆಲಸ. ಒಣಗಿದ್ದನ್ನು ಮುಟ್ಟಿಸಿ ಬರುವುದು ಅವನ ಮಗ, ಗಂಗಾಂಬಿಕಾಳ ಗಂಡ ಪರಮೇಶನ ಕೆಲಸ. ಮಲ್ಲಣ್ಣ ಕಾಲಿಗೆ ರಬ್ಬರ್ ಬೂಟು ಹಾಕುತ್ತಿದ್ದ, ಕೈಗೆ ಮಾತ್ರ ಏನನ್ನೂ ಹಾಕುತ್ತಿರಲಿಲ್ಲ. ಗ್ಲೌಸು ಹಾಕಿದರೆ ನೂಲು ಮಾತಾಡುವುದಿಲ್ಲ ಎನ್ನುತ್ತಿದ್ದ. ಹಾಗಾಗಿ ನಲವತ್ತು ವರ್ಷದಿಂದ ಅವನ ಹತ್ತೂ ಬೆರಳು ನೀಲಿ, ಉಗುರಂತೂ ಕಡುನೀಲಿ. ಊಟಕ್ಕೆ ಕೂತಾಗ ಬಿಳಿ ಜೋಳದ ರೊಟ್ಟಿಯ ಮೇಲೆ ಆ ಬೆರಳುಗಳನ್ನು ನೋಡಿ ಮದುವೆಯಾದ ಹೊಸತರಲ್ಲಿ ಗಂಗಾಂಬಿಕಾ ಬೆಚ್ಚಿದ್ದುಂಟು.

ಪಿತ್ತಕೋಶದಲ್ಲಿ ಕಲ್ಲು ಸೇರಿ, ಕೀವಾಗಿ, ಬಲಪಕ್ಕೆಯ ಕೆಳಗೆ ಗೇಣುದ್ದ ಕೊಯ್ದು ತೆಗೆಯಬೇಕಾಯಿತು. ಬಿಡುಗಡೆಯ ದಿನ ಡಾಕ್ಟರ್ ಪ್ರಿಯಂವದಾ ಗಂಗಾಂಬಿಕಾಳನ್ನೇ ಕರೆದು ಕೂರಿಸಿ ಹೇಳಿದ್ದರು.

"ಹೊಟ್ಟಿ ನಾವು ಹೊಲದೀವಿ. ಇನ್ನ ಪುಪ್ಪುಸ ನಿಮ್ಮ ಕೈಯಾಗ ಐತಿ. ಇಷ್ಟು ಮ್ಯಾಲೆ ಕೊಯ್ದವರು ನೋವಿಗೆ ಅಂಜಿ ಅರ್ಧಾ ಉಸುರು ತಗೋತಾರ. ಆಗ ಪುಪ್ಪುಸದ ತಳ ಮುದುಡಿ, ಕಫ ಕೂಡಿ, ಜ್ವರಕ್ಕ ಇಳೀತೈತಿ. ಇವರು ಬೀಡಿ ಸೇದಿದವರು ಬ್ಯಾರೆ. ದಿನಾ ಈ ಮೂರು ಗುಂಡಿನ ಡಬ್ಬಿ ಬಾಯಿಗಿಟ್ಟು, ಗುಂಡು ಏರೂಹಂಗ ಉಸುರು ಎಳೀಬೇಕು, ಎದ್ದು ಅಡ್ಡಾಡಬೇಕು, ಹೊಟ್ಟಿಗೆ ದಿಂಬು ಒತ್ತಿಕೊಂಡು ಕೆಮ್ಮಬೇಕು. ಇದು ತಪ್ಪಿದ್ರ ಆಪರೇಷನ್ ಗೆದ್ದೂ ಮನಷ್ಯಾ ಹೋಗ್ತಾನ."

ಆ ಕೊನೆಯ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಅದರ ಭಾರ ಹೊತ್ತುಕೊಂಡೇ ಮನೆಗೆ ಬಂದಳು. ನಿಜ ಹೇಳಬೇಕೆಂದರೆ ಅದರಲ್ಲಿ ಅವಳಿಗೊಂದು ಹೆಮ್ಮೆಯೂ ಇತ್ತು. ಮನೆಯಲ್ಲಿ ಡಿಗ್ರಿ ಓದಿದವಳು ಅವಳೊಬ್ಬಳೇ. ಕರೋನಾ ಕಾಲದಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ತರಿಸಿದ್ದವಳೂ ಅವಳೇ.

ಚನ್ನವೀರಮ್ಮ ಮಾತ್ರ ಹೆಮ್ಮೆಯಲ್ಲಿ ಸೊಸೆಗಿಂತ ಒಂದು ಕೈ ಮೇಲು. ಓಣಿಯ ಅದೆಷ್ಟೋ ಬಾಣಂತಿಯರ ಹೊಟ್ಟೆ ಕಟ್ಟಿದವಳು ಅವಳು. ಹಳೆಯ ಸೀರೆಯನ್ನು ಹರಿದು, ಮೊಣಕಾಲು ಊರಿ, ಉಸಿರು ಕಟ್ಟುವಂತೆ ಏಳು ಸುತ್ತು ಸುತ್ತುವ ವಿದ್ಯೆ ಅವಳದು. ಮರುದಿನ ಬೆಳಿಗ್ಗೆ ಗಂಗಾಂಬಿಕಾ ಸ್ನಾನ ಮುಗಿಸಿ ಬರುವಷ್ಟರಲ್ಲಿ ಎಲಾಸ್ಟಿಕ್ ಪಟ್ಟಿ ಗೂಟಕ್ಕೆ ನೇತಾಡುತ್ತಿತ್ತು, ಮಲ್ಲಣ್ಣ ಹಸಿರು ಸೀರೆಯೊಳಗೆ ಸೆಟೆದು ಮಲಗಿದ್ದ. ಕಿಟಕಿ ಮುಚ್ಚಿತ್ತು, ಮೂಲೆಯಲ್ಲಿ ಲೋಬಾನದ ಹೊಗೆ ಎದ್ದಿತ್ತು.

"ಅತ್ತೀ, ಮಾವಾರೇನು ಹಡೆದಾರೇನ್ರಿ?"

"ಹಡಿಯೋದರಾಗ ಇಷ್ಟು ಕೊಯ್ತಾರೇನು? ಹಡದಾಕಿಗೇ ಕಟ್ಟಬೇಕು ಅಂದಮ್ಯಾಗ ಇವರಿಗೆ ಕಟ್ಟಬಾರದೇನು? ಕೆಮ್ಮಿದ್ರ ಹೊಲಿಗಿ ಬಿಚ್ಚಿ ಕರುಳು ಹೊರಗ ಬರ್ತಾವ."

"ಮಾವಾರ, ನೀವರ ಹೇಳ್ರಿ."

ಮಲ್ಲಣ್ಣ ಇಬ್ಬರನ್ನೂ ನೋಡಿದ. "ಬಿಗಿ ಇದ್ರ ನೋವು ಕಡಿಮಿ ಆಗ್ತೈತಿ, ಗಂಗಾ. ಇರ್ಲಿ ಬಿಡು," ಎಂದ. ಮೂವತ್ತೈದು ವರ್ಷ ಸಂಸಾರ ಮಾಡಿದವನ ಉತ್ತರ ಬೇರೆ ಏನಿದ್ದೀತು.

ಒಂದು ಒಪ್ಪಂದವಾಯಿತು. ಹೊಟ್ಟೆ ಅತ್ತೆಯದು, ಎದೆ ಸೊಸೆಯದು. ಗಂಗಾಂಬಿಕಾ ಕಿಟಕಿ ತೆರೆದಳು. ದಿನಕ್ಕೆ ನಾಲ್ಕು ಸಲ ಡಬ್ಬಿಯ ಕೊಳವೆ ಮಾವನ ಬಾಯಿಗಿಟ್ಟಳು. ಮನೆಗೆ ಬಂದ ದಿನ ಎರಡು ಗುಂಡು ಮೇಲೇರಿದ್ದವು, ಮೂರನೆಯದು ಅಲುಗಿತ್ತು. ಸೀರೆ ಕಟ್ಟಿದ ಮೇಲೆ ಒಂದೇ ಗುಂಡು ಏರತೊಡಗಿತು. ಅವನು ಕೆಮ್ಮಲು ಬಾಯಿ ತೆರೆದರೆ ಸಾಕು, ಅಡುಗೆಮನೆಯಿಂದ ಚನ್ನವೀರಮ್ಮನ ದನಿ ಬರುತ್ತಿತ್ತು. "ರೀ, ಕೆಮ್ಮಬ್ಯಾಡ್ರಿ, ನುಂಗ್ರಿ." ಅವನು ನುಂಗುತ್ತಿದ್ದ.

ಬೆಳಿಗ್ಗೆ ಗಂಜಿ ಕುಡಿದ ಮೇಲೆ ಬೆರಳಿಗೆ ಆಕ್ಸಿಮೀಟರ್ ಹಾಕಿ, ಬಂದ ಅಂಕಿಯನ್ನು ಗಂಗಾಂಬಿಕಾ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು. ಬಿಡುಗಡೆಯ ದಿನ ತೊಂಬತ್ತೈದು. ಆಮೇಲೆ ತೊಂಬತ್ತೈದು, ತೊಂಬತ್ನಾಲ್ಕು, ತೊಂಬತ್ಮೂರು.

ಐದನೆಯ ದಿನ ತೊಂಬತ್ತೊಂದು ಬಂತು. ಬೇರೆ ಬೆರಳಿಗೆ ಹಾಕಿದರೂ ಅದೇ. ಆಗಲೇ ಅವಳಿಗೆ ಆಪರೇಷನ್ನಿಗೆ ಮುಂಚಿನ ಒಂದು ಮಾತು ನೆನಪಾಯಿತು. ಅವತ್ತು ಮಲ್ಲಣ್ಣ ಹಂಡೆಯ ಮುಂದಿನಿಂದಲೇ ಎದ್ದು ಹೋಗಿದ್ದ, ಬೆರಳಿನ ಬಣ್ಣ ಇನ್ನೂ ಹಸಿ. ನರ್ಸು ಮಷಿನ್ ಹಾಕಿದರೆ ಎಂಬತ್ನಾಲ್ಕು ತೋರಿಸಿತು. ಕಿವಿಗೆ ಬೇರೆ ಮಷಿನ್ ಹಾಕಿದರೆ ತೊಂಬತ್ತೇಳು. "ಬಣ್ಣದ ಬೆರಳಿಗೆ ಇದು ಸುಳ್ಳು ಹೇಳ್ತೈತ್ರಿ," ಎಂದು ನರ್ಸು ನಕ್ಕಿದ್ದಳು. ಗಂಗಾಂಬಿಕಾಳಿಗೆ ಸಮಾಧಾನವಾಯಿತು. ತೊಂಬತ್ತೊಂದರ ಪಕ್ಕದಲ್ಲಿ 'ಬಣ್ಣ' ಎಂದು ಬರೆದಳು.

ಆ ದಿನವೇ ಸದ್ದು ಕೇಳಿಸಿದ್ದು.

ಮೊದಲು ಕೇಳಿಸಿಕೊಂಡವಳು ಪಕ್ಕದ ಮನೆಯ ಮುದುಕಿ ಬುಗ್ಗಮ್ಮ. ಮೇಲಿನ ಬೀದಿಯಲ್ಲಿ ಕಂಬ ಬದಲಿಸುತ್ತಿದ್ದರೆಂದು ದಿನಾ ಹನ್ನೆರಡಕ್ಕೆ ಕರೆಂಟು ಹೋಗಿ ಎರಡಕ್ಕೆ ಬರುತ್ತಿತ್ತು. ಆ ಹೊತ್ತಿನಲ್ಲಿ ಮಜ್ಜಿಗೆ ಕೇಳಲು ಬಂದವಳು ಅಂಗಳದಲ್ಲೇ ನಿಂತುಬಿಟ್ಟಳು.

"ಚನ್ನವೀರಿ, ಮಲ್ಲಣ್ಣ ಮಲಗ್ಯಾನ ಅಂದ್ರಿ. ಮತ್ತ ಬಣ್ಣ ಯಾರು ಹಾಕಾಕತ್ಯಾರ?"

"ಯಾರೂ ಇಲ್ಲ. ಬಣ್ಣದ ಕೋಣೆಗೆ ಕೀಲಿ ಹಾಕಿ ಹದಿನೈದು ದಿನ ಆತು."

"ಕೇಳು."

ಕೇಳಿದರು. ಓಣಿಯ ಫ್ಯಾನುಗಳೆಲ್ಲ ನಿಂತು ಮಧ್ಯಾಹ್ನ ಸದ್ದಿಲ್ಲದೆ ಬಿದ್ದುಕೊಂಡಿತ್ತು. ಬಣ್ಣದ ಕೋಣೆಯ ಕಡೆಯಿಂದ ಸಣ್ಣಗೆ ಗೊಳಗೊಳ ಎನ್ನುವ ಸದ್ದು ಬರುತ್ತಿತ್ತು. ಹಂಡೆಯಲ್ಲಿ ಎಸರು ಕಾಯ್ದು ಗುಳ್ಳೆ ಏಳುವಾಗಿನ ಸದ್ದು. ಒಂದಿಷ್ಟು ಹೊತ್ತು ಬಂದು ನಿಂತಿತು, ಮತ್ತೆ ಬಂತು.

ಚನ್ನವೀರಮ್ಮನ ಮುಖ ಬಿಳಿಚಿಕೊಂಡಿತು. ಮಲ್ಲಣ್ಣನ ಅಣ್ಣ ಜಂಬಪ್ಪ ಸತ್ತದ್ದು ಆ ಕೋಣೆಯಲ್ಲೇ, ಎಂಟು ವರ್ಷದ ಹಿಂದೆ. ಲಡಿ ತಿರುವುತ್ತ ತಿರುವುತ್ತ ಸಣ್ಣ ಮಣೆಯ ಮೇಲೆ ಕೂತವನು ಎದ್ದಿರಲಿಲ್ಲ.

"ಇಲಿ ಇರಬೇಕ್ರಿ," ಎಂದಳು ಗಂಗಾಂಬಿಕಾ. ತನ್ನ ಮಾತು ತನಗೇ ಸಪ್ಪೆ ಎನ್ನಿಸಿತು.

"ಇಲಿ ನೀರು ಕಾಸ್ತಾವೇನು?" ಎಂದಳು ಬುಗ್ಗಮ್ಮ. ಮಜ್ಜಿಗೆಯನ್ನು ಮರೆತೇ ಹೋದಳು.

ಮರುದಿನದಿಂದ ಮನೆಯ ನಡೆ ಬದಲಾಯಿತು. ಬಣ್ಣದ ಕೋಣೆಯ ಬಾಗಿಲಿಗೆ ಚನ್ನವೀರಮ್ಮ ನಿಂಬೆಹಣ್ಣು ಕಟ್ಟಿದಳು. ಹನ್ನೆರಡಾಗುತ್ತಲೇ ಅಡುಗೆಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಳು. ಖಾರದ ಹಿಂಡಿ ಕುಟ್ಟುವ ಕೆಲಸವನ್ನು ಬೇಕಂತಲೇ ಆ ಹೊತ್ತಿಗೆ ಇಟ್ಟುಕೊಂಡಳು, ಒರಳಿನ ಸದ್ದಿಗೆ ಬೇರೆ ಸದ್ದು ಕೇಳದಿರಲಿ ಎಂದು. ಮಲ್ಲಣ್ಣನಿಗೆ ಪುಂಡಿಪಲ್ಯ ಪ್ರಾಣ, ಅದನ್ನೂ ಎರಡು ತುತ್ತು ತಿಂದು ತಟ್ಟೆ ಸರಿಸತೊಡಗಿದ. ಸಂಜೆ ಮೈ ಬೆಚ್ಚಗಾಗುತ್ತಿತ್ತು, ಮಾತ್ರೆ ಕೊಟ್ಟರೆ ಇಳಿಯುತ್ತಿತ್ತು. ಹಗಲೆಲ್ಲ ತೂಕಡಿಕೆ. ಡಬ್ಬಿಯ ಒಂದು ಗುಂಡು ಕೂಡ ಈಗ ಅರ್ಧಕ್ಕೇ ನಿಲ್ಲುತ್ತಿತ್ತು.

ಆರನೆಯ ದಿನ ತೊಂಬತ್ತು. ಏಳನೆಯ ದಿನ ಎಂಬತ್ತೆಂಟು. 'ಬಣ್ಣ', 'ಬಣ್ಣ'.

ಗದ್ವಾಲದಿಂದ ಬಂದ ಪರಮೇಶ ಊಟಕ್ಕೆ ಕೂತಾಗ ನೋಟುಬುಕ್ಕು ನೋಡಿದ. "ಎಂಬತ್ತೆಂಟು ಐತಲ್ಲ. ಕರೋನಾದಾಗ ಇಷ್ಟು ಬಂದ್ರ ಓಡಿ ಹೋಗ್ತಿದ್ವಿ. ಸಿಲಿಂಡರ್ ಗಾಡಿ ಮಾಡಿಸಿ ರಾಯಚೂರಿಗೆ ಒಯ್ಯೋಣೇನು?"

"ಅದು ಬೆರಳಿಗೆ ಹತ್ತಿದ ಬಣ್ಣಕ್ಕ ಹಂಗ ತೋರಸ್ತೈತ್ರಿ. ನರ್ಸೇ ಹೇಳ್ಯಾಳ."

"ಖರೇನ?"

"ನಾ ಅಲ್ಲೇ ಇದ್ದೆನಲ್ಲ. ಕಿವಿಗೆ ಹಾಕಿದಾಗ ಸರಿ ಬಂತು."

ಪರಮೇಶ ನಂಬಿದ. ಹೆಂಡತಿಯ ಓದಿನ ಮೇಲೆ ಅವನಿಗೆ ಬಲು ವಿಶ್ವಾಸ. ರೊಟ್ಟಿಗೆ ಎಣ್ಣೆ ಹಾಕಿಸಿಕೊಂಡು ತಿಂದು ಬೆಳಿಗ್ಗೆ ಮತ್ತೆ ಗದ್ವಾಲಕ್ಕೆ ಹೋದ. ತಾನು ಅಷ್ಟು ಗಟ್ಟಿಯಾಗಿ ಯಾಕೆ ಹೇಳಿದೆ ಎಂದು ಗಂಗಾಂಬಿಕಾ ಆಮೇಲೆ ಎಷ್ಟೋ ಸಲ ಯೋಚಿಸಿದ್ದಾಳೆ. ಆಸ್ಪತ್ರೆಗೆ ಮರಳಿ ಹೋಗುವುದೆಂದರೆ ತನ್ನ ಆರೈಕೆ ಕೆಟ್ಟಿತೆಂದು ಅತ್ತೆಯ ಮುಂದೆ ಒಪ್ಪಿಕೊಂಡ ಹಾಗೆ. ಅದು ಅವಳಿಗೆ ಬೇಡವಾಗಿತ್ತು.

ಎಂಟನೆಯ ದಿನ ಎಂಬತ್ತಾರು. ಅವತ್ತು ಗಂಜಿ ಕುಡಿಸುವಾಗ ಮಲ್ಲಣ್ಣ ಬಟ್ಟಲಿನ ಅಂಚಿನ ಮೇಲಿಂದ ಬಾಗಿಲ ಕಡೆ ನೋಡಿ, "ಅಣ್ಣಗೂ ಸ್ವಲ್ಪ ಕೊಡು," ಎಂದ.

"ಯಾರಿಗೆ ಮಾವಾರ?"

"ಬೆಳಗಿನಿಂದ ಹಿಂಡಾಕತ್ಯಾನ. ಕೇಳಸವಲ್ದೇನು? ಲಡಿ ಹಿಂಡೋದು." ಮಾತಿನ ನಡುವೆ ಎರಡು ಸಲ ಉಸಿರು ಎಳೆದುಕೊಂಡ. "ನಂಗೂ ಬಾ ಅನ್ನಾಕತ್ಯಾನ. ಹೊಟ್ಟಿ ನೋವೈತಿ, ನಾಳೆ ಬರ್ತೀನಿ ಅಂದೆ."

ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಚನ್ನವೀರಮ್ಮನ ಕೈಯಿಂದ ಲಟ್ಟಣಿಗೆ ಬಿತ್ತು. ಸಂಜೆ ಬುಗ್ಗಮ್ಮ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಮಲ್ಲಣ್ಣ ಮಾತ್ರ ಕೆಮ್ಮಲಿಲ್ಲ. ಕೆಮ್ಮುವ ಕಸುವೇ ಅವನಲ್ಲಿ ಉಳಿದಿರಲಿಲ್ಲ. ಬುಗ್ಗಮ್ಮ ಅದನ್ನು ಜಂಬಪ್ಪನ ದೆವ್ವದ ಗುರುತೆಂದು ತಿಳಿದುಕೊಂಡು, ಮಠಕ್ಕೆ ಹೋಗಿ ಬಾ ಎಂದು ಚನ್ನವೀರಮ್ಮನ ಕಿವಿಯಲ್ಲಿ ಹೇಳಿ ಹೋದಳು.

ಒಂಬತ್ತನೆಯ ದಿನ ಬೆಳಿಗ್ಗೆ ಗಂಗಾಂಬಿಕಾ ಮಷಿನ್ ಹಾಕಲೇ ಇಲ್ಲ. ಸುಳ್ಳು ಹೇಳುವ ಮಷಿನ್ ಅದು, ಹಾಕಿ ಏನಾಗಬೇಕು ಎಂದುಕೊಂಡಳು. ಒಳಗೊಳಗೇ ಅಂಕಿ ನೋಡಲು ಅವಳಿಗೆ ಭಯವಾಗಿತ್ತು.

ಚನ್ನವೀರಮ್ಮ ಮಠಕ್ಕೆ ಹೋಗಿದ್ದಳು. ಹನ್ನೆರಡಕ್ಕೆ ಕರೆಂಟು ಹೋಯಿತು. ಫ್ಯಾನಿನ ರೆಕ್ಕೆ ತಿರುಗಿ ತಿರುಗಿ ನಿಲ್ಲುವುದಕ್ಕೂ ಸದ್ದು ಶುರುವಾಗುವುದಕ್ಕೂ ಸರಿಯಾಯಿತು. ಇವತ್ತು ಜೋರಾಗಿತ್ತು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಗಂಗಾಂಬಿಕಾಳಿಗೆ ಸಾಕಾಗಿ ಹೋಯಿತು. ದೆವ್ವವಾದರೆ ದೆವ್ವ, ಕಣ್ಣಾರೆ ನೋಡಿಬಿಡೋಣ ಎಂದು ಕೀಲಿ ತೆಗೆದುಕೊಂಡು ಹೋಗಿ, ನಿಂಬೆಹಣ್ಣು ಸರಿಸಿ, ಬಾಗಿಲು ದೂಡಿದಳು.

ಹಂಡೆಗಳು ಬೋರಲು ಬಿದ್ದಿದ್ದವು. ಒಲೆಯಲ್ಲಿ ತಣ್ಣನೆಯ ಬೂದಿ. ಕೋಲುಗಳ ಮೇಲೆ ಒಂದು ಎಳೆ ನೂಲೂ ಇರಲಿಲ್ಲ. ಒಣಗಿದ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಸದ್ದು ಮಾತ್ರ ಅವಳ ಸುತ್ತಲೇ ಇತ್ತು. ಗೊಳಗೊಳ, ಗೊಳಗೊಳ, ನಡುವೆ ಬಿಗಿಯಾದ ಒಂದು ಮೌನ. ಅವಳ ಮೈಕೂದಲು ನೆಟ್ಟಗಾದವು.

ಆಗ ಗೋಡೆಯಾಚೆಯಿಂದ ದನಿ ಬಂತು.

"ಅಣ್ಣಾ, ಬಾಗಿಲು ತೆರದ್ಯಾ?"

ದನಿ ಬಂದ ಕೂಡಲೇ ಸದ್ದು ನಿಂತಿತ್ತು. ದನಿ ಮುಗಿಯುತ್ತಲೇ ಸದ್ದು ಮತ್ತೆ ಶುರುವಾಯಿತು. ಗಂಗಾಂಬಿಕಾ ತಲೆ ಎತ್ತಿ ನೋಡಿದಳು. ಬಣ್ಣದ ಕೋಣೆಗೂ ಮಾವ ಮಲಗಿದ್ದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಟಕಿ. ಲೋಬಾನದ ಹೊಗೆ ಹೋಗಲೆಂದು ತಾನೇ ತೆರೆದಿಟ್ಟ ಕಿಟಕಿ. ಸದ್ದು ಆ ಕಿಟಕಿಯಿಂದ ಒಳಗೆ ಇಳಿಯುತ್ತಿತ್ತು. ಯಾರೋ ಉಸಿರಾಡಿದ ಹಾಗೆ, ಉಸಿರಿಗೊಮ್ಮೆ.

ಅವಳು ಓಡಿದಳು. ಮಲ್ಲಣ್ಣ ಗೋಡೆಗೆ ಒರಗಿ ಅರ್ಧ ಎದ್ದು ಕೂತಿದ್ದ. ಕೊರಳ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅವಳನ್ನು ನೋಡಿ ಎಷ್ಟೋ ಕಾಲದ ಮೇಲೆ ಸಿಕ್ಕವರನ್ನು ನೋಡಿದಂತೆ ನಕ್ಕ. "ಬಂದ್ಯಾ ಅಣ್ಣಾ?" ಎಂದ.

ಗಂಗಾಂಬಿಕಾ ಅವನ ಬೆನ್ನಿಗೆ ಕಿವಿ ಹಚ್ಚಿದಳು. ಗೊಳಗೊಳ. ಇಷ್ಟು ದಿನ ಹಂಡೆ ಕುದಿಯುತ್ತಿದ್ದದ್ದು ಅಲ್ಲಿ.

"ಮಾವಾರ, ನಾಲಿಗಿ ತಗೀರಿ."

ನಾಲಿಗೆ ನೇರಳೆಯಾಗಿತ್ತು. ನಾಲಿಗೆಯಿಂದ ಯಾರೂ ನೂಲು ಅದ್ದುವುದಿಲ್ಲ. ಮಷಿನ್ ತಂದು ಕಾಲಿನ ಬೆರಳಿಗೆ ಸಿಕ್ಕಿಸಿದಳು. ಬಣ್ಣ ಎಂದೂ ಸೋಕದ ಬೆರಳು ಅದು. ಎಂಬತ್ತೊಂದು. ಕಿತ್ತು ಕೈಬೆರಳಿಗೆ ಹಾಕಿದಳು. ಎಂಬತ್ತೆರಡು.

ಕೈ ಸುಳ್ಳು ಹೇಳಿರಲಿಲ್ಲ.

ಹಸಿರು ಸೀರೆಯ ಗಂಟು ಬಿಚ್ಚಲು ಬರಲಿಲ್ಲ. ಅಡುಗೆಮನೆಯ ಚಾಕು ತಂದು ಏಳೂ ಸುತ್ತು ಕೊಯ್ದಳು. ಮಠದಿಂದ ಬಂದ ಚನ್ನವೀರಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಚಪ್ಪಲಿಯಲ್ಲೇ ಒಳಗೆ ಬಂದು ಗಂಡನ ಕಾಲು ಹಿಡಿದುಕೊಂಡಳು.

ಊರ ಸರ್ಕಾರಿ ದವಾಖಾನೆಯಲ್ಲಿ ಮುಖಕ್ಕೆ ಆಕ್ಸಿಜನ್ ಹಾಕಿದರು. "ಊಪಿರಿ ಗಟ್ಟಿಗಾ ತೀಸ್ಕೋ ಪೆದ್ದಾಯನಾ," ಎಂದು ನರ್ಸು ತೆಲುಗಿನಲ್ಲಿ ಬೆನ್ನು ಸವರುತ್ತ, ಜೋರಾಗಿ ಉಸಿರೆಳೆದುಕೊಳ್ಳಲು ಕೂಗಿ ಹೇಳುತ್ತಿದ್ದಳು. ಆಪರೇಷನ್ ಮಾಡಿದವರೇ ನೋಡುವುದು ಒಳ್ಳೆಯದೆಂದು ಸಿಲಿಂಡರ್ ಸಮೇತ ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ಮಕ್ತಲ್ ದಾಟಿ, ಕೃಷ್ಣೆಯ ಸೇತುವೆ ಮೇಲೆ ಬಂದಾಗ ಮಲ್ಲಣ್ಣ ಕಣ್ಣು ತೆರೆದ.

"ಹೊಳಿ ದಾಟಾಕತ್ತೇವೇನು?"

"ಹೌದ್ರಿ," ಎಂದಳು ಚನ್ನವೀರಮ್ಮ.

"ಅಣ್ಣ ಹಿಂದಿನ ದಂಡೀ ಮ್ಯಾಲೇ ನಿಂತ್ನಲ್ಲ."

ಆಂಬುಲೆನ್ಸಿನೊಳಗೆ ಅತ್ತೆ ಸೊಸೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆರು ವರ್ಷದಲ್ಲಿ ಅದೇ ಮೊದಲು.

ಡಾಕ್ಟರ್ ಪ್ರಿಯಂವದಾ ಏನನ್ನೂ ಕೇಳುವ ಮೊದಲು ಗಡಿಯಾರ ನೋಡುತ್ತ ಮಲ್ಲಣ್ಣನ ಎದೆ ಏರಿಳಿಯುವುದನ್ನು ಎಣಿಸಿದರು. ನಿಮಿಷಕ್ಕೆ ಮೂವತ್ನಾಲ್ಕು. ಬೆನ್ನಿನ ಮೇಲೆ ಬೆರಳಿಟ್ಟು ಬೆರಳಿನಿಂದ ಬಡಿದರು. ಎಡಗಡೆ ಟೊಳ್ಳು ಸದ್ದು ಬಂತು, ಬಲಗಡೆ ಕೆಳಗೆ ಗೋಡೆ ಬಡಿದ ಸದ್ದು. ಮಲಗಿದ್ದಲ್ಲೇ ಎಕ್ಸ್-ರೇ ತೆಗೆಸಿದರು. ಪಕ್ಕೆಗೆ ಲೇಪ ಹಚ್ಚಿ ಸ್ಕ್ಯಾನಿಂಗ್ ಮಷಿನ್ ಇಟ್ಟು ನೀರು ಎಷ್ಟು ತುಂಬಿದೆ ಎಂದು ನೋಡಿದರು. ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದರು. ರಕ್ತದ ಗಡ್ಡೆ ಏನಾದರೂ ಎದೆಗೆ ಏರಿದೆಯೇ ಎಂದು ಮೀನಖಂಡ ಒತ್ತಿ ನೋಡಿ, ಇಲ್ಲ ಅನ್ನಿಸಿದರೂ ಸಿಟಿ ಸ್ಕ್ಯಾನ್ ಮಾಡಿಸಿ ಖಚಿತ ಮಾಡಿಕೊಂಡರು. ಆಮೇಲೆ ಹೊಟ್ಟೆಯ ಮೇಲಿನ ಏಳು ಕೆಂಪು ಬರೆಗಳನ್ನು ನೋಡಿದರು.

"ಇದು ಯಾರು ಕಟ್ಟಿದ್ದು?"

"ನಾನ್ರೀ," ಎಂದಳು ಚನ್ನವೀರಮ್ಮ.

"ಅಮ್ಮ, ಪುಪ್ಪುಸ ಕೆಳಗ ಇಳದು ಅರಳಬೇಕಾದ ಜಾಗಕ್ಕ ನೀವು ಕಟ್ಟು ಹಾಕೀರಿ. ಬಲಗಡೆ ತಳ ಪೂರಾ ಮುದುಡೇತಿ. ಕೆಮ್ಮಲಾರದ ಕಫ ಕೊಳತು ನಿಮೋನಿಯಾ ಆಗೇತಿ. ಉಳಸಾಕ ನೋಡ್ತೀವಿ. ಮೂರು ದಿನ ನಾ ಏನೂ ಹೇಳಂಗಿಲ್ಲ."

ಚನ್ನವೀರಮ್ಮ ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಡಾಕ್ಟರು ನೋಟುಬುಕ್ಕು ಕೇಳಿ ತೆಗೆದುಕೊಂಡರು. ಒಂದು ಹಾಳೆ, ಅಷ್ಟೇ. ಮೇಲಿನಿಂದ ಕೆಳಗೆ ನಿಧಾನವಾಗಿ ಓದಿ ಗಂಗಾಂಬಿಕಾಳ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೊದಲನೇ ದಿನ ತೊಂಬತ್ತೈದು. ಇದೇ ಬೆರಳಲ್ಲೇನಮ್ಮ?"

"ಹೌದ್ರಿ."

"ಬಣ್ಣ ದಿನಾ ದಿನಾ ಹೋಗ್ತೈತೋ, ಹೆಚ್ಚಾಗ್ತೈತೋ?"

ಗಂಗಾಂಬಿಕಾ ಆ ಹಾಳೆಯನ್ನೇ ನೋಡಿದಳು. ಇಪ್ಪತ್ತು ದಿನದಿಂದ ಹಂಡೆ ಮುಟ್ಟದ ಕೈ. ಬಣ್ಣ ಮಾಸುತ್ತ ಬಂದಿತ್ತು, ಅಂಕಿ ಇಳಿಯುತ್ತ ಬಂದಿತ್ತು. ಎರಡೂ ಅವಳ ಕಣ್ಣ ಮುಂದೆಯೇ ಇದ್ದವು.

"ಎಂಬತ್ತೆಂಟು ಬಂದ ದಿನ ಬಂದಿದ್ರ ಇಷ್ಟು ಆಗ್ತಿರಲಿಲ್ಲ," ಎಂದು ಹೇಳಿ ಡಾಕ್ಟರು ಒಳಗೆ ಹೋದರು. ಆ ಮಾತನ್ನು ಕೇಳಿದವಳು ಅವಳೊಬ್ಬಳೇ.

ಬಿಗಿ ಮಾಸ್ಕಿನಿಂದ ಗಾಳಿ ಒತ್ತುವ ಮಷಿನ್ನಿಗೆ ಮಲ್ಲಣ್ಣನನ್ನು ಹಾಕಿದರು. ಎರಡನೆಯ ದಿನ ಗಾಜಿನ ಕಿಟಕಿಯಿಂದ ನೋಡಲು ಬಿಟ್ಟರು. ನರ್ಸುಗಳು ಯಾವುದೋ ಔಷಧಿ ಹಚ್ಚಿ ಅವನ ಬೆರಳುಗಳನ್ನು ಉಜ್ಜಿ ಉಜ್ಜಿ ತೊಳೆದಿದ್ದರು. ಹಾಸಿಗೆಯ ಮೇಲೆ ಎರಡು ಬೆಳ್ಳನೆಯ ಕೈ ಇದ್ದವು. ಚನ್ನವೀರಮ್ಮ ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದಳು.

"ಇವು ಇವರ ಕೈ ಅಲ್ಲ," ಎಂದಳು. "ಗಂಗಾ, ಅಲ್ಲಿ ಮಲಗಿರೋದು ಯಾರು?"

ಗಂಗಾಂಬಿಕಾಳಿಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಮಾಸ್ಕಿನ ಹಿಂದೆ ಮುಖ ಕಾಣುತ್ತಿರಲಿಲ್ಲ. ಯಾರೋ ಇದ್ದರು, ಅಷ್ಟೇ.

ಹನ್ನೊಂದು ದಿನಕ್ಕೆ ಆ ಯಾರೋ ಮಲ್ಲಣ್ಣನೇ ಎಂದು ಖಚಿತವಾಯಿತು. ಜ್ವರ ಬಿಟ್ಟಿತು, ಉಸಿರು ಇಪ್ಪತ್ತಕ್ಕೆ ಇಳಿಯಿತು, ಪುಂಡಿಪಲ್ಯ ಕೇಳಿದ. ಅಣ್ಣ, ಹೊಳೆ, ಹಂಡೆ ಯಾವುದೂ ಅವನಿಗೆ ನೆನಪಿರಲಿಲ್ಲ. ಮನೆಗೆ ಬಂದು ಅಂಗಳದ ಕಟ್ಟೆಯ ಮೇಲೆ ಕೂತು ತನ್ನ ಬಿಳಿ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಸಂಕಟ ಈಗ ಚನ್ನವೀರಮ್ಮನ ಪಾಲಿಗೆ ಬಂದಿತ್ತು. ಅವಳು ರಾತ್ರಿ ಊಟ ಬಿಟ್ಟಳು. ಕೇಳಿದರೆ ಹರಕೆ ಎಂದಳು. ಮಗ ಊಟಕ್ಕೆ ಕೂತಾಗಲೆಲ್ಲ ಒಂದಲ್ಲ ಒಂದು ಮಾತು ಎಸೆಯುತ್ತಿದ್ದ. "ಎವ್ವಾ, ಓಣ್ಯಾಗ ಇನ್ಯಾರದರ ಹೊಟ್ಟಿ ಕಟ್ಟಾಕ ಹೋಗಬ್ಯಾಡ." ಅವಳು ತಲೆ ತಗ್ಗಿಸಿ ಬಡಿಸುತ್ತಿದ್ದಳು. ಬೆಳಗಾದರೆ ಬಾಯಿ ಮಾಡುತ್ತಿದ್ದವಳ ಬಾಯಿ ಬಿದ್ದು ಹೋಗಿತ್ತು. ಒಬ್ಬ ಬಾಣಂತಿಯ ಮನೆಯವರು ಕರೆಯಲು ಬಂದಾಗ ಹಿತ್ತಲಿಗೆ ಹೋಗಿ ಅಡಗಿಕೊಂಡಳು. ಸೀರೆ ಉಟ್ಟರೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದಳು.

ಗಂಗಾಂಬಿಕಾ ಎಲ್ಲವನ್ನೂ ನೋಡುತ್ತಿದ್ದಳು. ನಾಳೆ ಹೇಳೋಣ ಎನ್ನುತ್ತಿದ್ದಳು. ನಾಳೆ ಬಂದರೆ ಪರಮೇಶ, "ಗಂಗಾ ಇದ್ದಳಂತ ಅಪ್ಪ ಉಳದಾನ," ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿರುತ್ತಿದ್ದ. ಅವಳು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು.

ಮನೆಗೆ ಬಂದ ಎರಡು ವಾರಕ್ಕೆ ಮತ್ತೆ ಎಕ್ಸ್-ರೇ ಆಯಿತು. ಬಲಗಡೆ ತಳ ಅರಳಿತ್ತು. ಆ ಸಂತೋಷಕ್ಕೆ ಸಂಜೆ ಹೋಳಿಗೆ ಮಾಡಿದರು. ಹೊತ್ತು ಮುಳುಗುವ ಮುಂಚೆಯೇ ಎಲ್ಲರೂ ಊಟಕ್ಕೆ ಕೂತರು. ಚನ್ನವೀರಮ್ಮ ಗಂಡನಿಗೆ, ಮಗನಿಗೆ, ಸೊಸೆಗೆ ತುಪ್ಪ ಹಾಕಿ, ತನ್ನ ತಟ್ಟೆ ಇಡದೆ ಗೋಡೆಗೆ ಒರಗಿ ಕೂತಳು.

"ತಿನ್ನು ಎವ್ವಾ. ಈಗರ ಅಪ್ಪನ್ನ ಉಸುರಾಡಾಕ ಬಿಟ್ಟೀಯಲ್ಲ," ಎಂದ ಪರಮೇಶ.

ಗಂಗಾಂಬಿಕಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಸುಮ್ಮನಿರ್ರಿ ನೀವು. ಎಂಬತ್ತೆಂಟು ಬಂದ ದಿನ ರಾಯಚೂರಿಗೆ ಒಯ್ಯೋಣ ಅಂದ್ರಿ. ಬ್ಯಾಡ ಅಂದಾಕಿ ನಾನು. ಅದು ಬಣ್ಣ ಅಲ್ಲ, ಉಸುರೇ ಇಳದಿತ್ತು. ಅವತ್ತ ಬಂದಿದ್ರ ಇಷ್ಟು ಆಗ್ತಿರಲಿಲ್ಲ ಅಂತ ಡಾಕ್ಟರು ನನಗ ಹೇಳ್ಯಾರ. ನಾ ಮುಚ್ಚಿಟ್ಟೆ." ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತೀ, ನೀವು ಕಟ್ಟಿದ್ದು ಬರೇ ಸೀರಿ. ನಾಲ್ಕು ದಿನ ಅಂಕಿ ನೋಡಿ ನೋಡಿ ಸುಮ್ಮನಿದ್ದಾಕಿ ನಾನ್ರಿ."

ಪರಮೇಶನ ಕೈ ಬಾಯಿಯ ಹತ್ತಿರ ನಿಂತಿತು. ಚನ್ನವೀರಮ್ಮ ಸೊಸೆಯನ್ನು ನೋಡಿದ ನೋಟದಲ್ಲಿ ಸಿಟ್ಟೂ ಇತ್ತು, ಬಿಡುಗಡೆಯೂ ಇತ್ತು.

"ಇಪ್ಪತ್ತೈದು ದಿನ," ಎಂದಳು. "ಇಪ್ಪತ್ತೈದು ದಿನ ಗಂಡನ್ನ ಕೊಂದಾಕಿ ನಾನು ಅಂತ ಒಬ್ಬಾಕಿನ ತಿರುಗೀನಿ. ನೀ ಎದುರಿಗೆ ಕುಂತು ಉಣ್ಣಾಕತ್ತಿದ್ದಿ."

ಗಂಗಾಂಬಿಕಾ ಅಳುತ್ತಿದ್ದಳು. "ತಪ್ಪಾತ್ರಿ ಅತ್ತೀ."

"ಏ, ನಾ ಎಲ್ಲಿ ಸತ್ತೀನಿ? ಇಲ್ಲೇ ಕುಂತೀನಲ್ಲ," ಎಂದ ಮಲ್ಲಣ್ಣ, ಹೋಳಿಗೆ ಮುರಿಯುತ್ತ.

"ನಿಮಗೇನು ಗೊತ್ರಿ ನೀವು ಸತ್ತದ್ದು," ಎಂದಳು ಚನ್ನವೀರಮ್ಮ. "ನೋಡಿದವರು ನಾವಿಬ್ಬರು."

ಅವಳು ಗೋಡೆ ಬಿಟ್ಟು ಎದ್ದಳು. ಗೂಡಿನಿಂದ ತಟ್ಟೆ ತೆಗೆದುಕೊಂಡು ಬಂದು ಸೊಸೆಯ ಮಗ್ಗುಲಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ತಟ್ಟೆಯನ್ನು ಅವಳ ಮುಂದೆ ದೂಡಿದಳು.

"ಬಡಸು," ಎಂದಳು. "ಹಸದೀನಿ."